ನಡುಗೆರೆ

ಗಾಜು ಒಡೆದದ್ದು ಅಕ್ಕನ ಕೈಯಲ್ಲೋ ತಂಗಿಯ ಕೈಯಲ್ಲೋ, ಹೇಳುವುದು ಕಷ್ಟ. "ಬಿಡೇ" ಎಂದು ಅವಳು ಎಳೆದಳು, "ನೀನೇ ಬಿಡು" ಎಂದು ಇವಳು ಎಳೆದಳು. ಮೇಜಿನ ಅಂಚಿಗೆ ಬಡಿದು, ಅಂಗೈಯಗಲದ ಮಸೂರ ನಟ್ಟನಡುವೆ ಸೀಳಿ ಎರಡು ಹೋಳಾಯಿತು. ಜೀವಮಾನವೆಲ್ಲ ಊರವರ ಕನ್ನಡಕಕ್ಕೆ ಗಾಜು ತೀಡಿದ ಅಪ್ಪ, ಮನೆಗೆಂದು ತೀಡಿಟ್ಟು ಹೋದದ್ದು ಅದೊಂದನ್ನೇ.

"ಆಯ್ತಲ್ಲ ಪಾಲು! ಇನ್ನು ಈ ಹೊಸಿಲು ತುಳಿದರೆ ಕೇಳು" ಎಂದು ಅಕ್ಕ ತನ್ನ ಹೋಳು ಹಿಡಿದು ಚೀಲ ಎತ್ತಿಕೊಂಡಳು. ಬೀದಿಯಲ್ಲಿ ಬಾಡಿಗೆ ಗಾಡಿಯವನು ಕಾಯುತ್ತಿದ್ದ.

ತಂಗಿ ಕೈಯಲ್ಲಿದ್ದ ಹೋಳನ್ನೇ ನೋಡುತ್ತ ನಿಂತಳು. ಚಿಕ್ಕಂದಿನಲ್ಲಿ ಅಪ್ಪ ಗೋಡೆಗೆ ಒಂದು ಗೇಣು ದೂರದಲ್ಲಿ ಈ ಗಾಜು ಹಿಡಿದರೆ ಸಾಕು, ಎದುರಿನ ಕಿಟಕಿ, ಅದರಾಚೆಯ ಮರ, ಬೀದಿ ಎಲ್ಲವೂ ತಲೆಕೆಳಗಾಗಿ ಗೋಡೆಗೆ ಇಳಿಯುತ್ತಿದ್ದವು. "ಬೆಳಕಿಗೂ ವಿನಯ ಇದೆ ಮಕ್ಕಳಾ. ಗಾಜು ದಪ್ಪ ಇರೋ ಕಡೆಗೆ ತಲೆ ಬಾಗುತ್ತೆ. ನಟ್ಟನಡುವೆ ಹಾದುಹೋಗೋ ಗೆರೆ ಮಾತ್ರ ಬಾಗೋಲ್ಲ" ಎನ್ನುತ್ತಿದ್ದ. ಹಟಮಾರಿ ಅಕ್ಕನಿಗೆ ಅಂದಿನಿಂದ 'ನಡುಗೆರೆ' ಎಂದೇ ಅಡ್ಡಹೆಸರು.

"ಅಕ್ಕಾ, ಒಂದು ನಿಮಿಷ ನಿಲ್ಲೇ. ಅರ್ಧ ಗಾಜಲ್ಲಿ ಏನು ಕಾಣುತ್ತೆ?"

"ಇನ್ನೇನು, ಅರ್ಧ ಮರ."

"ನನ್ನ ಪಾಲಿಗೆ ಬೇರೋ, ಕೊಂಬೆಯೋ?"

"ನಿನ್ನ ತಲೆ!" ಎಂದಳಾದರೂ ಅಕ್ಕ ಚೀಲ ಕೆಳಗಿಟ್ಟಳು.

ತಂಗಿ ಗೋಡೆಗೆ ಹಿಡಿದಳು. ಅರ್ಧವಲ್ಲ, ಬುಡದಿಂದ ತುದಿಯವರೆಗೆ ಇಡೀ ಮರ ಇಳಿದಿತ್ತು. ಮೊದಲಿಗಿಂತ ಒಂದಿಷ್ಟು ಮಬ್ಬು, ಅಷ್ಟೆ.

"ಅದು ಹೇಗಾಗುತ್ತೆ? ಸರಿ ಆಚೆ" ಎಂದು ಅಕ್ಕ ತನ್ನ ಹೋಳು ಹಿಡಿದಳು. ಅಲ್ಲೂ ಇಡೀ ಮರ, ಅಷ್ಟೇ ಮಬ್ಬು.

ತಂಗಿ ತಡೆದು ತಡೆದು ಹೇಳಿದಳು: "ಒಂದೊಂದು ಎಲೆಯ ಬೆಳಕೂ ಗಾಜಿನ ಮೈತುಂಬ ಬೀಳುತ್ತಲ್ಲವೇನೇ? ಎಲ್ಲಿ ಬಿದ್ದರೂ ಬಾಗಿಕೊಂಡು ಅದೇ ಜಾಗಕ್ಕೆ ಬಂದು ಸೇರುತ್ತೆ. ಅರ್ಧ ಗಾಜು ಹೋದರೆ ಬರೋ ಬೆಳಕು ಕಮ್ಮಿ. ಮರ ಕಮ್ಮಿ ಆಗೋಲ್ಲ."

ಗೋಡೆಯ ಮೇಲೆ ಎರಡು ಮಬ್ಬು ಕಿಟಕಿಗಳು ಅಕ್ಕಪಕ್ಕ ನಡುಗುತ್ತಿದ್ದವು. ಅಕ್ಕ ತನ್ನ ಹೋಳನ್ನು ನಿಧಾನವಾಗಿ ತಂಗಿಯ ಹೋಳಿನ ಬಳಿಗೆ ಸರಿಸಿದಳು. ಒಡೆದ ಅಂಚಿಗೆ ಒಡೆದ ಅಂಚು ತಾಗಿತು. ಕಿಟಕಿಯ ಮೇಲೆ ಕಿಟಕಿ ಕೂತು, ಗೋಡೆ ಬೆಳಗಿತು.

"ಅಕ್ಕಾ, ನಿನ್ನ ಗಾಡಿಯವನು ನೋಡು, ತಲೆಕೆಳಗಾಗಿ ನಿಂತಿದ್ದಾನೆ."

"ನಿಂತಿರಲಿ. ನೀನು ಕೈ ಅಲ್ಲಾಡಿಸಬೇಡ."