ಪಕ್ಕದಲ್ಲಿ ಕೂತವರು

ಲ್ಯಾಪ್‌ಟಾಪಿನಲ್ಲಿ ಕರೆ ಬಂದಾಗ ಅವಳು ಸೋದರಮಾವನ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದಳು. ಇಂಟರ್‌ನೆಟ್ ಚೆನ್ನಾಗಿ ಸಿಗುವುದು ಇಲ್ಲೇ ಎಂದು ಮಾವ ನೆಪ ಹೇಳಿ ಕರೆಸಿಕೊಂಡಿದ್ದರು. ನಿಜವಾದ ಕಾರಣ, ಅವರಿಗೆ ಒಂದು ಮಾತೂ ತಪ್ಪಿಹೋಗಬಾರದು ಎಂಬುದು. ಕ್ಯಾಮೆರಾಗೆ ಬೀಳದಂತೆ ಸ್ಟೂಲನ್ನು ಗೋಡೆಗೆ ಎಳೆದುಕೊಂಡು, ಶುರು ಮಾಡು ಎಂದು ಕೈಸನ್ನೆ ಮಾಡಿದರು.

ಹೊರದೇಶದ ಎರಡು ವಿಶ್ವವಿದ್ಯಾಲಯಗಳು ಅವಳನ್ನು ಸಂಶೋಧನೆಗೆ ಕರೆದಿದ್ದವು. ಒಂದು, ಹೆಸರು ಕೇಳಿದವರು ಹುಬ್ಬೇರಿಸುವಂಥದು. ಇನ್ನೊಂದು, ಹೆಸರು ಕೇಳಿದವರು ಅದೆಲ್ಲಿದೆ ಎಂದು ಕೇಳುವಂಥದು. ಎರಡಕ್ಕೂ ಸಂಜೆಯೊಳಗೆ ಉತ್ತರ ಹೋಗಬೇಕು. ವಾರದಿಂದ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ನಿನ್ನೆ ಅಂಗಡಿಯಲ್ಲಿ ಮಾವನಿಗೆ ನೆರವಾಗಲು ಹೋಗಿ ಯಾರದೋ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಬೈಸಿಕೊಂಡಿದ್ದಳು. ಮಾವನಿಗೆ ಮಾತ್ರ ಗೊಂದಲವೇ ಇರಲಿಲ್ಲ. ಅಕ್ಕನ ಮಗಳು ಆ ದೊಡ್ಡ ಕಡೆಗೇ ಹೋಗುತ್ತಾಳೆಂದು ಬಂದ ಗಿರಾಕಿಗಳಿಗೆಲ್ಲ ಸಾರಿಯಾಗಿತ್ತು.

ಪರದೆಯ ಮೇಲೆ ದೊಡ್ಡ ಕಡೆಯ ಪ್ರೊಫೆಸರರು ಕಾಣಿಸಿಕೊಂಡು, "ಇವಳು ನನ್ನ ವಿದ್ಯಾರ್ಥಿನಿ, ನಿಮ್ಮ ಭಾಷೆಯವಳೇ. ಏನು ಬೇಕಾದರೂ ಕೇಳು" ಎಂದು ಇಂಗ್ಲಿಷಿನಲ್ಲಿ ಹೇಳಿ ಬದಿಗೆ ಸರಿದರು. ಅವರ ಜಾಗಕ್ಕೆ ಬಂದ ಹುಡುಗಿ, ಲ್ಯಾಬ್ ಎಷ್ಟು ಚೆನ್ನಾಗಿದೆ, ಸರ್ ಎಷ್ಟು ಹುರಿದುಂಬಿಸುತ್ತಾರೆ ಎಂದೆಲ್ಲ ಇಂಗ್ಲಿಷಿನಲ್ಲೇ ನಗುನಗುತ್ತ ಹೇಳಿದಳು. ಆಮೇಲೆ ಅದೇ ನಗುವಿನಲ್ಲಿ, ಅದೇ ದನಿಯಲ್ಲಿ ತಮ್ಮ ಭಾಷೆಗೆ ಹೊರಳಿದಳು.

"ನಗ್ತಾನೇ ಇರು. ಅವರು ಪಕ್ಕದಲ್ಲೇ ಕೂತಿದ್ದಾರೆ. ಇಲ್ಲಿಗೆ ಬರಬೇಡ."

ಮಾವನ ಸ್ಟೂಲು ಕಿರುಗುಟ್ಟಿತು.

"ಯಾಕಕ್ಕ?" ಅವಳ ದವಡೆ ನಗುವಿನಲ್ಲೇ ಬಿಗಿದುಕೊಂಡಿತ್ತು.

"ನಾನು ಬರೆದಿದ್ದೆಲ್ಲ ಅವರ ಹೆಸರಲ್ಲಿ ಹೋಗುತ್ತೆ. ಭಾನುವಾರ ಬರ್ಲಿಲ್ಲ ಅಂದ್ರೆ ಸೋಮವಾರ ಎಲ್ಲರೆದುರು ಮರ್ಯಾದೆ ತೆಗೀತಾರೆ. ಎದುರಾಡಿದ್ರೆ ವೀಸಾ ನೆನಪು ಮಾಡ್ತಾರೆ. ತಲೆ ಆಡಿಸು, ಚಳಿ ಬಗ್ಗೆ ಹೇಳ್ತಿದ್ದೀನಿ ಅನ್ನೋ ಹಾಗೆ."

ಅವಳು ತಲೆಯಾಡಿಸಿದಳು. "ಅಂಥ ಕಡೆ ನೀವ್ಯಾಕೆ ಇನ್ನೂ ಇದ್ದೀರಿ?"

ಆ ಹುಡುಗಿಯ ನಗು ಅಲ್ಲಿಗೆ ನಿಂತಿತು. ಅಷ್ಟರಲ್ಲಿ ಪ್ರೊಫೆಸರರು ಮತ್ತೆ ಮುಖ ತೂರಿಸಿ, ಕೇಳೋಕೆ ಹಾಡಿನ ಹಾಗಿದೆಯಲ್ಲ ನಿಮ್ಮ ಭಾಷೆ, ಏನು ಮಾತಾಡಿಕೊಂಡಿರಿ ಎಂದರು. ಚಳಿಗೆ ಎಂಥ ಬಟ್ಟೆ ತರಬೇಕು ಅಂತ ಕೇಳ್ತಿದ್ದೆ ಎಂದಳು ಇವಳು. ಅವರು ಜೋರಾಗಿ ನಕ್ಕು ಕರೆ ಮುಗಿಸಿದರು.

"ಹೊಟ್ಟೆಕಿಚ್ಚು ಕಣೇ!" ಮಾವ ಎದ್ದೇಬಿಟ್ಟರು. "ನೀನು ಬಂದ್ರೆ ತನ್ನನ್ನ ಯಾರೂ ಕೇಳಲ್ಲ ಅಂತ. ಅವಳ ಮಾತು ಕಟ್ಕೊಂಡು ಕೂತ್ಕೋಬೇಡ. ನಾನು ಎಲ್ಲರಿಗೂ ಹೇಳಿ ಆಗಿದೆ."

"ಹೇಳಿದ್ದು ನೀವು ಮಾವ. ಅಲ್ಲಿ ಹೋಗಿ ಇರಬೇಕಾದವಳು ನಾನು."

ಹಾಗೆಂದಳೇ ಹೊರತು ಮಾವ ಅವಳ ತಲೆಯಲ್ಲಿ ಹುಳ ಬಿಟ್ಟಾಗಿತ್ತು. ನಿಜವಾಗಿಯೂ ಹೊಟ್ಟೆಕಿಚ್ಚೇ ಆಗಿದ್ದರೆ? ಕೌಂಟರಿನಿಂದ ಬಾಗಿಲಿಗೆ, ಬಾಗಿಲಿನಿಂದ ಕೌಂಟರಿಗೆ ಸುತ್ತಿದಳು. ಒರೆಸಿದ್ದ ಕನ್ನಡಕಗಳನ್ನೇ ಮತ್ತೆ ಒರೆಸಿದಳು. ಯಾರನ್ನು ನಂಬಿದರೂ ಮೋಸಹೋಗುವ ಭಯ. ಆಗ ಸಣ್ಣ ಕಡೆಯ ಪ್ರೊಫೆಸರಮ್ಮ ನೆನಪಾದರು. ಆಕೆ ತನ್ನ ವಿದ್ಯಾರ್ಥಿಗಳ ಫೋನ್ ನಂಬರುಗಳನ್ನೆಲ್ಲ ಕಳಿಸಿ, ನಾನಿಲ್ಲದಾಗ ಮಾತಾಡು ಎಂದಷ್ಟೇ ಬರೆದಿದ್ದರು. ಆಗ ಇವಳಿಗೆ ಅದು ಅಸಡ್ಡೆಯ ಹಾಗೆ ಕಂಡಿತ್ತು.

ದೊಡ್ಡ ಕಡೆಗೆ ಬರುವುದಿಲ್ಲವೆಂದು ಟೈಪ್ ಮಾಡಿದಳು, ಅಳಿಸಿದಳು, ಮತ್ತೆ ಮಾಡಿ, ಕಣ್ಣು ಮುಚ್ಚಿ ಕಳಿಸಿಬಿಟ್ಟಳು. ಸಣ್ಣ ಕಡೆಗೆ ಒಪ್ಪಿಗೆ ಬರೆದಳು. ಮಾವ ಮುಖ ಊದಿಸಿಕೊಂಡು ಶಟರ್ ಅರ್ಧ ಎಳೆದಿದ್ದರು.

ಅರ್ಜಿಯಲ್ಲಿ ಕೊಟ್ಟಿದ್ದ ನಂಬರಿಗೆ ಫೋನ್ ಬಂತು. ಅದೇ ಹುಡುಗಿ. ಈ ಸಲ ಬರೀ ದನಿ, ಹಿಂದೆ ಬಸ್ಸು ಕಾರುಗಳ ಸದ್ದು.

"ಬರಲ್ಲ ಅಂತ ಬರೆದ್ಯಂತೆ. ಸರ್ ಒಳಗೆ ಕೂಗಾಡ್ತಿದ್ದಾರೆ. ನಾನು ರಸ್ತೆಗೆ ಬಂದ್ಬಿಟ್ಟೆ."

"ಅಕ್ಕ, ನಾನು ಮಾಡಿದ್ದು ಸರೀನಾ?"

"ಇಷ್ಟು ವರ್ಷದಲ್ಲಿ ಇದನ್ನೆಲ್ಲ ಬಾಯಿ ಬಿಟ್ಟು ಹೇಳಿದ್ದು ನಿನ್ನ ಹತ್ರಾನೇ ಮೊದಲು. ಅಮ್ಮನಿಗೂ ಹೇಳಿರ್ಲಿಲ್ಲ. ಹೇಳಿದ್ಮೇಲೆ ನನಗೇ ಅಲ್ಲಿ ಕೂರೋಕಾಗ್ತಿಲ್ಲ." ಬಸ್ಸಿನ ಸದ್ದಿಗೆ ದನಿ ಏರಿಸಿದಳು. "ತಂಗಿ, ನೀನು ಹೋಗ್ತಿರೋ ಕಡೆ ಇನ್ನೊಬ್ಬರನ್ನ ತಗೋತಾರಾ, ಸ್ವಲ್ಪ ಕೇಳ್ತೀಯಾ?"