ನಶ್ವಾಳಿಗೆ ತಕ್ಕ ಉತ್ತರ

ನಾಲ್ಕನೆಯ ವಾರವೂ ಗೋಡೆಯ ಮೇಲೆ ಉಳಿದದ್ದು ನಾಲ್ಕು ಗುಂಡುಪಿನ್ನು ಮಾತ್ರ. ಶನಿವಾರ ಬೆಳಿಗ್ಗೆ ಎಂಟಕ್ಕೆ ನಶ್ವಾ ತನ್ನ ಕೈಯಾರೆ ಚುಚ್ಚಿ ಹೋಗಿದ್ದ ಗೋಡೆಪತ್ರಿಕೆ, ಅವಳು ಒಂದು ತರಗತಿ ಮುಗಿಸಿ ಬರುವಷ್ಟರಲ್ಲಿ ಮಾಯವಾಗಿತ್ತು.

ಪ್ರತಿ ವಾರವೂ ಮರುದಿನ ಅದೇ ಜಾಗಕ್ಕೆ ಅವಳದೇ ಕಾಲೇಜಿನ ಹಾಝಿಮನ ಹಾಳೆ ಬರುತ್ತಿತ್ತು. ಮೇಲೆ ದಪ್ಪಕ್ಷರದ ತಲೆಬರಹ: ‘ನಶ್ವಾಳಿಗೆ ತಕ್ಕ ಉತ್ತರ’. ಅದನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಮೈ ಉರಿಯುವುದಕ್ಕೆ ಇನ್ನೇನು ಬೇಕು?

ಅವಳೇನು ಆಕಾಶ ಕೇಳಿರಲಿಲ್ಲ. ಗ್ರಂಥಾಲಯ ಒಂಬತ್ತರವರೆಗೆ ತೆರೆದಿರುತ್ತದೆ. ಹುಡುಗಿಯರ ಹಾಸ್ಟೆಲಿನ ಬಾಗಿಲು ಏಳಕ್ಕೇ ಬೀಳುತ್ತದೆ. ಅದನ್ನೂ ಒಂಬತ್ತು ಮಾಡಿ ಎಂದಷ್ಟೇ ಅವಳ ಬೇಡಿಕೆ. ತೊಂಬತ್ತಾರರ ಆ ಮಾರ್ಚ್ ಕೊನೆಗೆ ಕಾಲೇಜಿನ ಮಂಡಳಿ ಸೇರಲಿತ್ತು. ಅಷ್ಟರಲ್ಲಿ ಐನೂರು ಸಹಿ ಬೇಕು. ಹುಡುಗಿಯರು ಓದಿದರೆ ತಾನೆ ಸಹಿ ಹಾಕುವುದು?

ಹೇಗೋ ಮುನ್ನೂರು ದಾಟಿತ್ತು. ಅಲೆಕ್ಸಾಂಡ್ರಿಯಾದ ಟ್ರಾಮಿನಲ್ಲಿ ಗುರುತಿಲ್ಲದ ಹುಡುಗಿಯೊಬ್ಬಳು, “ಜ್ವರ ಬಂದೋಳನ್ನ ಗೇಟಲ್ಲಿ ನಿಲ್ಸಿದ್ದು ಬರೆದ್ರಲ್ಲ ಅಕ್ಕ, ಚೆನ್ನಾಗಿ ಬರೆದ್ರಿ” ಎಂದು ಅಲ್ಲೇ ಸಹಿ ಹಾಕಿದಳು. ಒಂದು ಗಂಟೆ ಗೋಡೆಯ ಮೇಲಿದ್ದದ್ದಕ್ಕೇ ಇಷ್ಟು. ವಾರವಿಡೀ ಇದ್ದಿದ್ದರೆ ಎಂದು ನಶ್ವಾಳ ಸಿಟ್ಟು ಇನ್ನಷ್ಟು ಏರಿತು.

ಹಾಝಿಮ್ ಸಾಮಾನ್ಯನಲ್ಲ. ಚರ್ಚಾಸ್ಪರ್ಧೆಗೆ ನಿಂತರೆ ಎದುರಾಳಿಯ ಬೆವರಿಳಿಸುವವನು. ಆದರೆ ಇವಳ ವಿಷಯಕ್ಕೆ ಬಂದರೆ, ನಶ್ವಾ ಹೀಗೆನ್ನುತ್ತಾಳೆ, ನಶ್ವಾ ಹಾಗೆನ್ನುತ್ತಾಳೆ ಎಂದು ಹಾಳೆ ತುಂಬ ಅವಳ ಮಾತನ್ನೇ ಎತ್ತಾಡಿ, ತನ್ನ ಉತ್ತರವನ್ನು ಕೊನೆಯ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದ. ನೆಟ್ಟಗೆ ಜಗಳವಾಡುವುದಕ್ಕೂ ತಾನು ಲಾಯಕ್ಕಿಲ್ಲವೇ ಎಂದು ಅವಳಿಗೆ ಅವಮಾನ.

ಅವನ ನಾಲ್ಕನೆಯ ಹಾಳೆಯೂ ಗೋಡೆಗೆ ಬಂದ ದಿನ, ವಿದ್ಯಾರ್ಥಿ ಕಚೇರಿಯ ಎದುರಿನ ಓಣಿಯಲ್ಲೇ ಅವನನ್ನು ಅಡ್ಡಗಟ್ಟಿದಳು.

“ನನ್ನ ಹಾಳೆ ಏನ್ ಮಾಡ್ದೆ?”

ಹಾಝಿಮ್ ಕಚೇರಿಯ ಬಾಗಿಲ ಕಡೆ ನೋಡಿದ. “ಮೆಲ್ಲಗೆ ಮಾತಾಡು.”

“ಯಾಕೆ, ಮರ್ಯಾದೆ ಹೋಗುತ್ತಾ?”

“ನನ್ ತಂಗಿ ಅದೇ ಹಾಸ್ಟೆಲಲ್ಲಿದಾಳೆ ನಶ್ವಾ. ಏಳಕ್ಕೇ ಬಾಗಿಲು ಹಾಕ್ಲಿ ಅಂತಲೇ ನಾನನ್ನೋದು. ನಿನ್ನ ಒಂದು ಮಾತೂ ನಂಗೆ ಒಪ್ಪಿಗೆಯಿಲ್ಲ.”

“ಒಪ್ಪಿಗೆ ಇಲ್ಲಾಂದ್ರೆ ಬಾಯಿ ಮುಚ್ಚಿಸ್ತೀಯಾ?”

“ಮುಂದಿನ ವಾರ ಸ್ವಲ್ಪ ಬಿಡಿಸಿ ಬರಿ ಮಾರಾಯ್ತಿ. ನಿನ್ನ ಕಾಗೆಕಾಲು ಗುಬ್ಬಿಕಾಲು ಓದೋಷ್ಟರಲ್ಲಿ ಗಂಟೆ ಹೊಡೆದುಬಿಡುತ್ತೆ” ಎಂದು ನಕ್ಕು, ಅವಳು ಬಾಯಿ ತೆರೆಯುವ ಮೊದಲೇ ಹೊರಟುಹೋದ.

ಆ ನಗು ಅವಳ ತಾಳ್ಮೆ ಮುಗಿಸಿತು. ಸೀದಾ ಕಚೇರಿಯ ಮುಖ್ಯಸ್ಥೆ ಮದಾಮ್ ಸೌಸನ್ ಬಳಿ ಹೋದಳು. ಗೋಡೆಗೆ ಏನೇ ಹಚ್ಚಬೇಕಿದ್ದರೂ ಆಕೆಯ ನೀಲಿ ಮುದ್ರೆ ಬೇಕು. ನಶ್ವಾಳಿಗೆ ಆಕೆ ಒಂದು ದಿನವೂ ಇಲ್ಲವೆಂದವಳಲ್ಲ. ಓದಿ, ನಕ್ಕು, ಮುದ್ರೆ ಒತ್ತಿ ಕಳಿಸುತ್ತಿದ್ದಳು. ಈಗಲೂ ಚಹಾದ ಗ್ಲಾಸನ್ನು ಇವಳತ್ತ ಸರಿಸಿ ಕೇಳಿಸಿಕೊಂಡಳು.

“ಅಯ್ಯೋ ಬಂಗಾರ! ಬರೆದುಕೊಡು. ಅವನ ಹಾಳೆಗಳನ್ನೂ ತಂದುಕೊಡು. ಕೂತು ಪೂರ್ತಿ ನೋಡ್ತೀನಿ.”

ನಶ್ವಾ ಎರಡು ಪುಟ ದೂರು ಬರೆದು, ಹಾಝಿಮನ ನಾಲ್ಕೂ ಹಾಳೆಗಳನ್ನು ಅದಕ್ಕೆ ಲಗತ್ತಿಸಿ, ಸಹಿ ಹಾಕಿದಳು.

ಬುಧವಾರ ನೋಟಿಸು ಬಂತು. ಹಾಝಿಮ್ ಒಂದು ವರ್ಷ ಕಾಲೇಜಿಗೆ ಕಾಲಿಡುವಂತಿಲ್ಲ, ಪರೀಕ್ಷೆಗೂ ಕೂರುವಂತಿಲ್ಲ. ಇಷ್ಟನ್ನು ಅವಳು ಕೇಳಿರಲಿಲ್ಲ. ಆದರೂ, ಮಾಡಿದ್ದನ್ನು ಉಣ್ಣಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು. ವಿಚಿತ್ರವೆಂದರೆ, ಅಂದಿನಿಂದ ಒಂದೇ ಒಂದು ಹೊಸ ಸಹಿ ಬೀಳಲಿಲ್ಲ.

ಶನಿವಾರ ಎಂಟಕ್ಕೆ ಹೊಸ ಹಾಳೆ ಹಚ್ಚಿದಳು. ಒಂಬತ್ತೂವರೆಗೆ ಅದೂ ಇರಲಿಲ್ಲ.

ಏದುಸಿರು ಬಿಡುತ್ತ ಕಚೇರಿಗೆ ನುಗ್ಗಿದಳು. “ಮದಾಮ್, ಹಾಝಿಮ್ ಕಾಲೇಜಲ್ಲೇ ಇಲ್ಲ! ಮತ್ಯಾರು…”

ಅವಳ ಹಾಳೆ ಮೇಜಿನ ಮೇಲೆ ನಾಲ್ಕಾಗಿ ಮಡಿಚಿ ಬಿದ್ದಿತ್ತು.

“ಮುದ್ರೆ ಕೊಡಲ್ಲ ಅಂದ್ರೆ ಕಾರಣ ಬರೆದುಕೊಡ್ಬೇಕು ಮಗಳೇ” ಎಂದಳು ಮದಾಮ್ ಸೌಸನ್, ಸಕ್ಕರೆ ಕಲಕುತ್ತ. “ಕಿತ್ತರೆ ಆ ತಾಪತ್ರಯ ಇಲ್ಲ. ನಾಲ್ಕು ವಾರದಿಂದ ನಾನೇ ಕೀಳಿಸ್ತಿದ್ದೆ.”

“ಹಾಗಾದ್ರೆ ಹಾಝಿಮ್ ಏನ್ ಮಾಡಿದ್ದ?”

“ನಾನು ಕೀಳಿಸೋ ಮೊದಲೇ ನೀನು ಬರೆದದ್ದನ್ನೆಲ್ಲ ಒಂದಕ್ಷರ ಬಿಡದೆ ಕಾಪಿ ಮಾಡಿ, ‘ತಕ್ಕ ಉತ್ತರ’ ಅಂತ ಮೇಲೆ ಬರೆದು, ನನ್ ಕೈಯಲ್ಲೇ ಮುದ್ರೆ ಹಾಕಿಸಿ ವಾರವಿಡೀ ಗೋಡೆ ಮೇಲೆ ಇಡ್ತಿದ್ದ. ತಲೆಬರಹ ಬಿಟ್ಟು ನಾನೇನೂ ಓದಿರಲಿಲ್ಲ ಬಂಗಾರ. ನೀನು ತಂದುಕೊಟ್ಟ ಮೇಲೇ ಓದಿದ್ದು.”