ಹಿಂದಕ್ಕೆ ಹೋದ ಹತ್ತು ನಿಮಿಷ

ದಾಕ್ಷಾಯಣಿ ಕೈಗಡಿಯಾರದ ಗುಂಡಿ ಒತ್ತಿದಳು, ವಾರ್ಡು ಹತ್ತು ನಿಮಿಷ ಹಿಂದಕ್ಕೆ ಹೋಯಿತು. ನರ್ಸಿಂಗ್ ಹುಡುಗಿಯರಿಗೆ ಏಪ್ರನ್ ಜೊತೆಗೇ ಕೊಡುವ ಗಡಿಯಾರ ಅದು. ತಪ್ಪಾದರೆ ಒತ್ತಬೇಕು; ಒತ್ತಿದವಳಿಗೆ ಮಾತ್ರ ಎಲ್ಲ ನೆನಪಿರುತ್ತದೆ.

ಒಂಬತ್ತನೇ ಮಂಚದ ಫಕೀರಪ್ಪಜ್ಜ ಮತ್ತೆ ಎದ್ದು ಕೂತು ತೋಳು ಚಾಚಿದ್ದ. ಔಷಧ ಮೈಗೆ ಒಗ್ಗುತ್ತದೋ ಇಲ್ಲವೋ ಎಂದು ಮೊದಲು ನೋಡುವ ಟೆಸ್ಟ್ ಡೋಸ್ ಮರೆತು ಅವಳು ಕೊಟ್ಟ ಇಂಜೆಕ್ಷನ್ನಿಗೆ ಇದೇ ಅಜ್ಜ ಈಗಷ್ಟೇ ಉಸಿರಿಗೆ ಒದ್ದಾಡಿ, ಅವಳ ಕೈ ಹಿಡಿದುಕೊಂಡೇ ತಣ್ಣಗಾಗಿದ್ದ.

"ಚುಚ್ಚಿಸ್ಕೊಳ್ಳಾಂವ ನಾನು, ಅಳಾಕಿ ನೀನು! ಚಲೋ ಆತು ಬಿಡವ್ವಾ" ಎಂದು ಅಜ್ಜ ನಕ್ಕ.

ಯಾರೂ ಕಾಣದ ಸಾವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಸಂಜೆ ಗಡಿಯಾರ ಮರಳಿಸಿ, ಓದು ಬಿಟ್ಟು ಊರಿಗೆ ಹೋಗಿಬಿಡಬೇಕು ಅನ್ನಿಸಿತು ಅವಳಿಗೆ.

ಅಷ್ಟರಲ್ಲಿ ವಾರ್ಡಿನ ಹಿರಿಯ ನರ್ಸ್ ಎಸ್ತರ್ ಸಿಸ್ಟರ್ ಬಂದು ಅವಳ ಕೈಯಿಂದ ಇಂಜೆಕ್ಷನ್ ಟ್ರೇ ಇಸಿದುಕೊಂಡರು. "ಈಗಿನ್ನೂ ಕಿಸಿಕಿಸಿ ನಗಾಕತ್ತಿದ್ದಿ, ರೆಪ್ಪಿ ಬಡಿಯೂದ್ರಾಗ ಅಳಾಕತ್ತಿ. ತಿರುಗಿಸಿ ಬಂದಿ, ಹೌದಿಲ್ಲೋ?"

"ಏನೂ ಆಗಿಲ್ರಿ ಸಿಸ್ಟರ್."

"ನಮಗ ಆಗಿಲ್ಲ. ನಿನಗ ಆಗೇತಿ." ಸಿಸ್ಟರ್ ಸ್ಟೂಲು ಎಳೆದು ಅವಳನ್ನು ಕೂರಿಸಿದರು. "ನಾ ಕಲಿಯೂ ಮುಂದ ನನ್ನ ಕೈಯಾಗ ಒಬ್ಬಾಕಿ ಸತ್ತಿದ್ಲು, ನಾನೂ ಗುಂಡಿ ಒತ್ತಿ ತಿರುಗಿಸಿದ್ನಿ. ಅದ ಆಕಿ ಮೊನ್ನೆ ಮೊಮ್ಮಗಳ ಮದುವಿಗೆ ಕರದು, ಒತ್ತಾಯ ಮಾಡಿ ಎರಡು ಹೋಳಿಗಿ ಬಡಿಸಿದ್ಲು. ಆಕಿ ಮುಂದ ಅಳಾಕ ಬರ್ತದೇನ? ಮೊದಲಿಂದ ಹೇಳು, ನಾ ಕೇಳ್ತೀನಿ."

ದಾಕ್ಷಾಯಣಿ ಪಿಸುದನಿಯಲ್ಲಿ ಎಲ್ಲ ಹೇಳಿದಳು. ಸಿಸ್ಟರ್ ಟ್ರೇಯನ್ನು ಮರಳಿ ಅವಳ ಕೈಗಿಟ್ಟರು.

ಆಮೇಲೆ ಅವಳು ಟೆಸ್ಟ್ ಡೋಸ್ ತುಂಬಿಕೊಂಡು ಅಜ್ಜನ ಕೈ ಹಿಡಿದಳು. ಕೈ ಬೆಚ್ಚಗಿತ್ತು. ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತೇ ಹಿಡಿದುಕೊಂಡಿದ್ದಳು.